ಗೋಡೆ ಸಡಿಲಿಸಿದರೆ ಸ್ಟೆರಾಲ್ ಒಳಗೆ ಹೋದೀತೆ?

ಪ್ರಶ್ನೆ: ನಾನು ಜೈವಿಕ ತಂತ್ರಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ. ಮೈಕೊಲಿಸಿಬ್ಯಾಕ್ಟೀರಿಯಂ ನಿಯೋಆರಮ್ ತಳಿಯೊಂದನ್ನು ಬಳಸಿ ಸಸ್ಯಜನ್ಯ ಸ್ಟೆರಾಲನ್ನು (ಕೊಲೆಸ್ಟೆರಾಲ್‌ನಂಥ ಕೊಬ್ಬು) ಸ್ಟೆರಾಯ್ಡ್ ಔಷಧಿಗಳ ಕಚ್ಚಾವಸ್ತುವಾದ ಆಂಡ್ರೊಸ್ಟೀನ್‌ಡಯೋನ್ ಆಗಿ ಪರಿವರ್ತಿಸುತ್ತಿದ್ದೇನೆ. ಲೀಟರಿಗೆ 5 ಗ್ರಾಂ ಸ್ಟೆರಾಲ್ ಹಾಕಿ ಐದು ದಿನ ಶೇಕರ್‌ನಲ್ಲಿ ಇಟ್ಟರೂ 1.4 ಗ್ರಾಂಗಿಂತ ಹೆಚ್ಚು ಉತ್ಪನ್ನ ಬರುತ್ತಿಲ್ಲ. ಅಂದರೆ ಶೇಕಡಾ 28 ಮಾತ್ರ. ಈ ಬ್ಯಾಕ್ಟೀರಿಯಾದ ಮೇಣದಂಥ ಗೋಡೆಯೇ ಅಡ್ಡಿ, ಗ್ಲೈಸಿನ್ ಎಂಬ ಅಮೈನೋ ಆಮ್ಲ ಹಾಕಿ ಅದನ್ನು ಸಡಿಲಿಸು ಎಂದು ಮಾರ್ಗದರ್ಶಕರು ಹೇಳಿದರು. ಲೀಟರಿಗೆ 15 ಗ್ರಾಂ ಹಾಕಿದೆ. ಒಂದು ಸಲ ಇಳುವರಿ ಏರಿತು, ಮರುಸಲ ಮೊದಲಿಗಿಂತಲೂ ಇಳಿಯಿತು. ಕೋಶಗಳನ್ನು ಒಡೆದು ಕಿಣ್ವವನ್ನೇ ಬಳಸು ಎನ್ನುತ್ತಾರೆ ಸಹಪಾಠಿಗಳು. ಗೋಡೆ ಕಟ್ಟುವುದನ್ನು ತಡೆಯುವ ಪ್ರತಿಜೀವಕ ವ್ಯಾಂಕೋಮೈಸಿನ್ ಪ್ರಯತ್ನಿಸಲೇ? ನಿಜವಾಗಿಯೂ ಗೋಡೆಯೇ ಕಾರಣವೇ? ಇನ್ನೊಂದು ವರ್ಷದಲ್ಲಿ ಪ್ರಬಂಧ ಸಲ್ಲಿಸಬೇಕು.

ಉತ್ತರ: ಮೊದಲು ನಿಮ್ಮ ಲೆಕ್ಕವನ್ನು ಸರಿಪಡಿಸೋಣ, ಅದರಲ್ಲಿ ಒಂದಿಷ್ಟು ಸಮಾಧಾನವಿದೆ. ಸಸ್ಯ ಸ್ಟೆರಾಲ್‌ಗಳಲ್ಲಿ ಮುಖ್ಯವಾದ ಬೀಟಾ ಸಿಟೊಸ್ಟೆರಾಲ್‌ನ ಅಣುತೂಕ ಸುಮಾರು 414.7, ಆಂಡ್ರೊಸ್ಟೀನ್‌ಡಯೋನ್‌ನದು 286.4. ಇಪ್ಪತ್ತೊಂಬತ್ತು ಇಂಗಾಲಗಳ ಅಣುವಿನಿಂದ ಹತ್ತು ಇಂಗಾಲಗಳ ಬಾಲವನ್ನು ಕತ್ತರಿಸಿ ಹತ್ತೊಂಬತ್ತನ್ನು ಉಳಿಸಿಕೊಳ್ಳುವ ಕೆಲಸ ಇದು. ಹಾಗಾಗಿ 5 ಗ್ರಾಂ ಸ್ಟೆರಾಲ್ ಒಂದಣುವೂ ಉಳಿಯದಂತೆ ಪರಿವರ್ತನೆಯಾದರೂ ಸಿಗುವುದು 3.45 ಗ್ರಾಂ. ನಿಮ್ಮ 1.4 ಗ್ರಾಂ ಎಂದರೆ ಶೇಕಡಾ 40ರಷ್ಟು ಮೋಲಾರ್ ಇಳುವರಿ, ಅಂದರೆ ಅಣುಗಳ ಲೆಕ್ಕದ ಇಳುವರಿ. ತೂಕಕ್ಕೆ ತೂಕ ಹೋಲಿಸುವ ಈ ತಪ್ಪನ್ನು ಪ್ರಬಂಧಗಳ ಕರಡುಗಳಲ್ಲಿ ನಾನು ಎಷ್ಟೋ ಸಲ ತಿದ್ದಿದ್ದೇನೆ. ಶೇಕಡಾ 40 ಸಾಲದು, ನಿಜ. ಆದರೆ ನಿಮ್ಮ ತಳಿ ಕೆಲಸ ಮಾಡುತ್ತಿದೆ.

ಇನ್ನು ಮುಖ್ಯ ವಿಷಯ. ಗೋಡೆ ಅಡ್ಡಿಯೇ ಎಂದು ಕೇಳಿದರೆ ಹೌದು, ಅದು ನಿಜವಾದ ಅಡ್ಡಿ. ನಿಮ್ಮ ಫ್ಲಾಸ್ಕಿನಲ್ಲಿ ಈಗ ಕೆಲಸವನ್ನು ಹಿಡಿದು ನಿಲ್ಲಿಸಿರುವುದು ಅದೇ ಗೋಡೆಯೇ ಎಂದರೆ, ಅದಕ್ಕೆ ನೀವು ಕೊಟ್ಟಿರುವ ವಿವರಗಳಲ್ಲಿ ಪುರಾವೆ ಇಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಸಿಕ್ಕಿದೆ ಎಂದು ಎರಡನೆಯದನ್ನು ಕೇಳದೆ ಬಿಟ್ಟಿದ್ದರಿಂದಲೇ ಗ್ಲೈಸಿನ್ ಒಮ್ಮೆ ಕೈಹಿಡಿದು ಮತ್ತೊಮ್ಮೆ ಕೈಕೊಟ್ಟಿದೆ.

ಸ್ಟೆರಾಲ್ ಅಣುವೊಂದು ಕ್ರಮಿಸಬೇಕಾದ ದಾರಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಮೊದಲು ಅದು ಹರಳಿನಿಂದ ಬಿಡಿಸಿಕೊಂಡು ಹೊರಬರಬೇಕು. ಕೊಲೆಸ್ಟೆರಾಲ್ ನೀರಿನಲ್ಲಿ ಕರಗುವ ಗರಿಷ್ಠ ಪ್ರಮಾಣ ಲೀಟರಿಗೆ ಸುಮಾರು 2 ಮಿಲಿಗ್ರಾಂ, ಸಸ್ಯ ಸ್ಟೆರಾಲ್‌ಗಳದ್ದು ಅದಕ್ಕಿಂತಲೂ ಕಡಿಮೆ. ನೀವು ಹಾಕಿದ್ದು 5,000 ಮಿಲಿಗ್ರಾಂ. ಅಂದರೆ ಫ್ಲಾಸ್ಕಿನಲ್ಲಿರುವುದು ದ್ರಾವಣವಲ್ಲ, ತೇಲುವ ಪುಡಿ. ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಚೂಪಾದ ಅಂಚಿನ, ಹೊಳೆಯುವ ಹರಳುಗಳು, ಅವುಗಳ ಮೈಗೆ ಮೆತ್ತಿಕೊಂಡ ಬ್ಯಾಕ್ಟೀರಿಯಾಗಳ ಗುಂಪು, ನಡುವೆ ಬಹುಪಾಲು ಖಾಲಿ ನೀರು. ಕೋಶಗಳು ಹರಳಿಗೆ ಅಂಟಿಕೊಂಡೇ ಉಣ್ಣುತ್ತವೆ. ಈ ನೋಟವನ್ನು ನೋಡದೆ ಸ್ಟೆರಾಲ್ ಪರಿವರ್ತನೆಯ ಬಗ್ಗೆ ತೀರ್ಮಾನಕ್ಕೆ ಬರಬಾರದು ಎಂದು ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಹೇಳುತ್ತೇನೆ.

ಹರಳಿನಿಂದ ಬಿಡಿಸಿಕೊಂಡ ಅಣುವಿಗೆ ಮುಂದೆ ಎದುರಾಗುವುದು ಹೊರಪೊರೆ. ಅದರ ಒಳಪದರ ಅರುವತ್ತರಿಂದ ತೊಂಬತ್ತು ಇಂಗಾಲಗಳಷ್ಟು ಉದ್ದದ ಮೈಕಾಲಿಕ್ ಆಮ್ಲಗಳದು. ಹೊರಪದರದಲ್ಲಿ ಟ್ರೆಹಲೋಸ್‌ಗೆ ಅಂಟಿದ ಮೈಕಾಲಿಕ್ ಆಮ್ಲಗಳೂ ಬಗೆಬಗೆಯ ಕೊಬ್ಬುಗಳೂ ಇರುತ್ತವೆ. ಅದರ ಕೆಳಗೆ ಅರಬಿನೋಗ್ಯಾಲಕ್ಟನ್ ಎಂಬ ಸಕ್ಕರೆಯ ಜಾಲ, ಅದರ ಕೆಳಗೆ ಸಕ್ಕರೆಯ ಎಳೆಗಳನ್ನು ಸಣ್ಣ ಪೆಪ್ಟೈಡ್‌ಗಳು ಬೆಸೆದ ಪೆಪ್ಟಿಡೋಗ್ಲೈಕನ್, ಕೊನೆಗೆ ಕೋಶಪೊರೆ. ಕೋಶಪೊರೆಯಲ್ಲಿ ಎಂಸಿಇ4 ಎಂಬ ಸಾಗಣೆ ವ್ಯವಸ್ಥೆ ಕಾದಿರುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಕೊಲೆಸ್ಟೆರಾಲನ್ನು ಒಳಗೆಳೆದುಕೊಳ್ಳಲು ಇದನ್ನೇ ನೆಚ್ಚಿಕೊಂಡಿದೆ ಎಂದು ಪಾಂಡೆ ಮತ್ತು ಸಸೆಟ್ಟಿ 2008ರಲ್ಲಿ ತೋರಿಸಿದರು. ಇದು ಎಟಿಪಿ ಖರ್ಚು ಮಾಡಿ ನಡೆಯುವ ಸಾಗಣೆ. ಒಳಗೆ ಹೋದ ಮೇಲೆ ಬಾಲ ಕತ್ತರಿಸುವ ಕಿಣ್ವಗಳ ಸಾಲು. ಕೊನೆಗೆ ಸಿದ್ಧವಾದ ಉತ್ಪನ್ನ ಬಂದ ದಾರಿಯಲ್ಲೇ ಅಷ್ಟೂ ಪದರ ದಾಟಿ ಹೊರಬರಬೇಕು. ಹೊರಬರದೆ ಕೋಶದ ಪೊರೆಗಳಲ್ಲೇ ಉಳಿದರೆ ಅದು ಕೋಶಕ್ಕೆ ವಿಷ. ಇಷ್ಟು ದೂರದ ದಾರಿಯಲ್ಲಿ ಗೋಡೆ ಒಂದು ಘಟ್ಟ ಮಾತ್ರ.

ಗೋಡೆ ಮೇಣದಂತಿದೆ, ಆದ್ದರಿಂದ ಸ್ಟೆರಾಲನ್ನು ತಡೆಯುತ್ತದೆ ಎಂಬ ಮಾತಿನಲ್ಲಿ ಒಂದು ಎಡವಟ್ಟಿದೆ. ಮೇಣ ತಡೆಯುವುದು ನೀರಿನಲ್ಲಿ ಕರಗುವ ವಸ್ತುಗಳನ್ನು. 1990ರಲ್ಲಿ ಜಾರ್ಲಿಯೆ ಮತ್ತು ನಿಕಾಯ್ಡೊ ಮೈಕೋಬ್ಯಾಕ್ಟೀರಿಯಂ ಕೆಲೊನೆಯಲ್ಲಿ ಅಳತೆ ಮಾಡಿದಾಗ, ಇಂಥ ವಸ್ತುಗಳಿಗೆ ಅದರ ಗೋಡೆ ಈ.ಕೋಲಿಯದಕ್ಕಿಂತ ಸುಮಾರು ಸಾವಿರ ಪಟ್ಟು ಕಡಿಮೆ ಪಾರಗಮ್ಯ ಎಂದು ಕಂಡಿತ್ತು. ಈ ಪ್ರಸಿದ್ಧ ಅಂಕಿಯನ್ನೇ ಹಿಡಿದು ಸ್ಟೆರಾಲ್‌ಗೂ ಅನ್ವಯಿಸುವವರಿದ್ದಾರೆ. ಸ್ಟೆರಾಲ್ ಕೊಬ್ಬಿನ ಜಾತಿಯದು, ಕೊಬ್ಬಿನ ಪದರದೊಳಗೆ ಅದು ಸೇರಿಕೊಳ್ಳಬಲ್ಲದು. ಅದಕ್ಕೆ ಕಷ್ಟವಾಗುವುದು ಆ ಪದರ ದಾಟಿದ ಮೇಲೆ ಸಿಗುವ ಸಕ್ಕರೆ ಮತ್ತು ಪೆಪ್ಟಿಡೋಗ್ಲೈಕನ್‌ನ ಒದ್ದೆ ಪ್ರದೇಶದಲ್ಲಿ. 1990ರ ದಶಕದಲ್ಲಿ ಪೋಲೆಂಡಿನ ವೂಚ್ ನಗರದ ಸಂಶೋಧಕರು ಇದೇ ಜಾಡು ಹಿಡಿದು, ಸ್ಟೆರಾಲ್‌ನ ಹರಿವಿಗೆ ಪೆಪ್ಟಿಡೋಗ್ಲೈಕನ್ ಒಂದು ಮುಖ್ಯ ತಡೆ ಎಂಬ ತೀರ್ಮಾನಕ್ಕೆ ಬಂದರು. ಪೆಪ್ಟಿಡೋಗ್ಲೈಕನ್ ಕಟ್ಟುವಿಕೆಗೆ ತೊಡಕು ಮಾಡುವ ಗ್ಲೈಸಿನ್ ಬಾಲ ಕತ್ತರಿಸುವ ಕೆಲಸವನ್ನು ಚುರುಕುಗೊಳಿಸಿತು ಎಂಬುದು ಅವರ ಮುಖ್ಯ ಆಧಾರಗಳಲ್ಲೊಂದು. ನಿಮ್ಮ ಮಾರ್ಗದರ್ಶಕರ ಸಲಹೆಯ ಬೇರು ಬಹುಶಃ ಅಲ್ಲಿದೆ. ಸಲಹೆ ಸರಿಯೇ, ಕಾರಣವಾಗಿ ಹೇಳಿದ ಮೇಣ ಸರಿಯಲ್ಲ.

ಗ್ಲೈಸಿನ್ ಮಾಡುವುದೇನು? ಪೆಪ್ಟಿಡೋಗ್ಲೈಕನ್ ಕಟ್ಟುವಾಗ ಅಲನಿನ್ ಕೂರಬೇಕಾದ ಜಾಗಗಳಲ್ಲಿ ತಾನು ಹೋಗಿ ಕೂರುತ್ತದೆ. ಹಾಗೆ ತಯಾರಾದ ಇಟ್ಟಿಗೆಗಳು ಒಂದಕ್ಕೊಂದು ಸರಿಯಾಗಿ ಬೆಸೆದುಕೊಳ್ಳುವುದಿಲ್ಲ. ಗೋಡೆ ಇರುತ್ತದೆ, ಬೆಸುಗೆ ಸಡಿಲ. ಇಲ್ಲಿ ಗಮನಿಸಬೇಕಾದದ್ದು: ಗ್ಲೈಸಿನ್ ಈಗಾಗಲೇ ಕಟ್ಟಿ ಮುಗಿದ ಗೋಡೆಯನ್ನು ಕೆಡವುವುದಿಲ್ಲ, ಹೊಸದಾಗಿ ಕಟ್ಟುತ್ತಿರುವುದನ್ನು ಹದಗೆಡಿಸುತ್ತದೆ. ಆದ್ದರಿಂದ ಅದನ್ನು ಯಾವ ಗಳಿಗೆಯಲ್ಲಿ ಹಾಕುತ್ತೀರಿ ಎಂಬುದೇ ಎಲ್ಲ. ಬಿತ್ತನೆಯ (ಮಾಧ್ಯಮಕ್ಕೆ ಮೊದಲು ಸೇರಿಸುವ ಕೋಶಗಳ) ಜೊತೆಗೇ ಹಾಕಿದರೆ ಕೋಶಗಳು ಬೆಳೆಯುವ ಮೊದಲೇ ಸೊರಗುತ್ತವೆ. ಬೆಳವಣಿಗೆ ನಿಂತ ಮೇಲೆ ಹಾಕಿದರೆ ಪರಿಣಾಮವೇ ಇಲ್ಲ. ಬೆಳವಣಿಗೆ ಭರದಿಂದ ಸಾಗಿರುವಾಗ ಹಾಕಿದರೆ ಮಾತ್ರ, ಇರುವ ಕೋಶಗಳು ಉಳಿದು ಹೊಸ ಗೋಡೆ ಸಡಿಲವಾಗುತ್ತದೆ.

ನಿಮ್ಮ ಎರಡು ಪ್ರಯೋಗಗಳ ನಡುವೆ ಏನಾಗಿರಬಹುದು ಎಂದು ಈಗ ಊಹಿಸಬಹುದು. ಬಿತ್ತನೆಯ ವಯಸ್ಸು ಬೇರೆಯಾಗಿತ್ತೇ? ಒಂದು ಸಲ ಎಳೆಯ ಬಿತ್ತನೆ, ಇನ್ನೊಂದು ಸಲ ಫ್ರಿಜ್‌ನಲ್ಲಿ ಎರಡು ದಿನ ಇಟ್ಟದ್ದು? ಲೀಟರಿಗೆ 15 ಗ್ರಾಂ ಎಂದರೆ 0.2 ಮೋಲಾರ್, ಸಣ್ಣ ಪ್ರಮಾಣವಲ್ಲ. ಅಷ್ಟೊಂದು ಗ್ಲೈಸಿನ್ ಮಾಧ್ಯಮದ ಸಾರಜನಕವನ್ನೂ ಅಭಿಸರಣ (ಆಸ್ಮೋಟಿಕ್) ಒತ್ತಡವನ್ನೂ ಬದಲಿಸುತ್ತದೆ ಎಂಬುದನ್ನೂ ಮರೆಯಬೇಡಿ. ನಾನು ಮೊದಲ ಸಲ ಇದನ್ನು ಮಾಡಿದಾಗ ಮಾದರಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ನೋಡಿದರೆ ಕೋಶಗಳು ಗಟ್ಟಿಯಾಗಿ ತಳ ಸೇರಿರಲಿಲ್ಲ. ಲೋಳೆಯಂತೆ ಜಾರುತ್ತಿದ್ದವು, ಮೇಲಿನ ದ್ರವ ನೊರೆಗಟ್ಟಿತ್ತು. ಕೋಶದೊಳಗಿನ ಪ್ರೋಟೀನ್ ಹೊರಗೆ ಸೋರಿತ್ತು. ಆ ಬ್ಯಾಚಿನಲ್ಲಿ ಇಳುವರಿ ಬಿದ್ದದ್ದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ಮುಂದಿನ ಸಲ ನೀವೂ ಪ್ರತಿ ದಿನ ಮೇಲಿನ ದ್ರವದ ಪ್ರೋಟೀನನ್ನೂ, ತಟ್ಟೆಯ ಮೇಲೆ ಬೆಳೆಯುವ ಜೀವಂತ ಕೋಶಗಳ ಸಂಖ್ಯೆಯನ್ನೂ ಅಳೆಯಿರಿ. ಇಳುವರಿ ಏರಿದ ಸಲ ಮತ್ತು ಇಳಿದ ಸಲದ ವ್ಯತ್ಯಾಸ ಆ ಎರಡು ಸಾಲುಗಳಲ್ಲೇ ಕಂಡೀತು. ಪ್ರಮಾಣವನ್ನೂ ಒಂದೇ ಹಿಡಿಯಬೇಡಿ. 3, 6, 10, 15 ಗ್ರಾಂ ಹೀಗೆ ಮೆಟ್ಟಿಲುಗಳಲ್ಲಿ ಹೋಗಿ.

ಕೋಶಗಳನ್ನೇ ಒಡೆಯುವ ಸಲಹೆಯನ್ನು ಖಂಡಿತ ಪಾಲಿಸಬೇಡಿ. ಸ್ಟೆರಾಲ್‌ನ ಬಾಲ ಕತ್ತರಿಸುವುದು ಒಂದು ಕಿಣ್ವದ ಕೆಲಸವಲ್ಲ. ಬಾಲದ ತುದಿಗೆ ಆಮ್ಲಜನಕ ಸೇರಿಸುವ ಸೈಟೋಕ್ರೋಮ್‌ಗಳು, ಕೋಎನ್‌ಜೈಮ್ ಎ ಜೋಡಿಸುವವು, ಆಮೇಲೆ ಕೊಬ್ಬಿನ ಆಮ್ಲ ಒಡೆಯುವ ಕ್ರಮದಂತೆ ತುಂಡು ತುಂಡಾಗಿ ಕತ್ತರಿಸುವವು, ಹೀಗೆ ಹಲವಾರು ಕಿಣ್ವಗಳು ಸರದಿಯಲ್ಲಿ ನಿಲ್ಲಬೇಕು. ಅವಕ್ಕೆ ಎಟಿಪಿ ಬೇಕು, ಅಪಕರ್ಷಣ ಶಕ್ತಿ ಬೇಕು, ಹುಟ್ಟಿದ ಪ್ರೊಪಿಯೋನಿಲ್ ಕೋಎನ್‌ಜೈಮ್ ಎಯನ್ನು ತೆಗೆದು ಹಾಕುವ ದಾರಿಯೂ ಬೇಕು. ಒಂದು ಸಿಟೊಸ್ಟೆರಾಲ್ ಅಣುವಿನ ಬಾಲದಿಂದ ಮೂರು ಪ್ರೊಪಿಯೋನಿಲ್ ಮತ್ತು ಒಂದು ಅಸಿಟೈಲ್ ತುಂಡು ಬರುತ್ತದೆ. ಪ್ರೊಪಿಯೋನಿಲ್ ಜಮೆಯಾದರೆ ಕೋಶ ನರಳುತ್ತದೆ. ಇದನ್ನೆಲ್ಲ ನಿಭಾಯಿಸುವುದು ಬದುಕಿರುವ ಕೋಶ ಮಾತ್ರ. ಗೋಡೆ ಸಡಿಲವಾಗಬೇಕು, ಕೋಶ ಸಾಯಬಾರದು. ಈ ಎರಡರ ನಡುವಿನ ಕಿಟಕಿ ಕಿರಿದು, ಪಾರಗಮ್ಯತೆಯ ಕೆಲಸವೆಲ್ಲ ಆ ಕಿಟಕಿಯನ್ನು ಹುಡುಕುವುದೇ. ಒಂದೇ ಹೆಜ್ಜೆಯ ಪರಿವರ್ತನೆಗಳಲ್ಲಿ, ಉದಾಹರಣೆಗೆ ಮೊದಲ ಉಂಗುರದಲ್ಲಿ ಒಂದು ಜೋಡಿಬಂಧ ಸೇರಿಸುವಲ್ಲಿ, ಬಿಡಿ ಕಿಣ್ವವನ್ನು ಬಳಸುವುದಕ್ಕೆ ಅರ್ಥವಿದೆ. ನಿಮ್ಮದು ಆ ಬಗೆಯದಲ್ಲ.

ವ್ಯಾಂಕೋಮೈಸಿನ್ ಬಗ್ಗೆ. ಅದು ಪೆಪ್ಟಿಡೋಗ್ಲೈಕನ್‌ನ ಬೆಸುಗೆಯ ತುದಿಯನ್ನು ಹಿಡಿದುಕೊಂಡು ಜೋಡಣೆ ತಡೆಯುತ್ತದೆ. ಎಥಾಂಬ್ಯುಟಾಲ್ ಅರಬಿನೋಗ್ಯಾಲಕ್ಟನ್ ಕಟ್ಟುವುದನ್ನು ತಡೆಯುತ್ತದೆ. ಕೊಲ್ಲದಷ್ಟು ಕಡಿಮೆ ಪ್ರಮಾಣದಲ್ಲಿ ಇಂಥವು ಸ್ಟೆರಾಲ್ ಪರಿವರ್ತನೆಯನ್ನು ಹೆಚ್ಚಿಸಿದ ವರದಿಗಳಿವೆ. ಯಾವ ಪದರ ಅಡ್ಡಿಯಾಗಿದೆ ಎಂದು ತಿಳಿಯಲು ಒಂದೊಂದು ಪದರವನ್ನೇ ಮುಟ್ಟುವ ಉಪಕರಣವಾಗಿ ಇವು ಬಹಳ ಬೆಲೆಯುಳ್ಳವು. ಉತ್ಪಾದನೆಯ ವಿಧಾನವಾಗಿ ನಾನು ಇವುಗಳನ್ನು ಒಪ್ಪುವುದಿಲ್ಲ. ರೋಗಿಗಳಿಗೆ ಬೇಕಾದ ಔಷಧಿಗಳನ್ನು ನೂರಾರು ಲೀಟರ್ ಮಾಧ್ಯಮಕ್ಕೆ ಸುರಿದು, ಆಮೇಲೆ ಚರಂಡಿಗೆ ಬಿಟ್ಟರೆ ನಿರೋಧಕತೆಯನ್ನು ನಾವೇ ಬೆಳೆಸಿದಂತೆ. ಕ್ಷಯದ ಔಷಧಿಯನ್ನು ಕ್ಷಯದ ಬ್ಯಾಕ್ಟೀರಿಯಾದ ಬಂಧುವಿಗೆ ಅಭ್ಯಾಸ ಮಾಡಿಸುವುದಂತೂ ಬೇಡವೇ ಬೇಡ. ನಿಯೋಆರಮ್ ಸಾಮಾನ್ಯವಾಗಿ ನಿರಪಾಯಕಾರಿ, ಆದರೆ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರಲ್ಲಿ ಸೋಂಕು ತಂದ ಉದಾಹರಣೆಗಳಿವೆ.

ಲೋಹ ಹಿಡಿಯುವ ಇಡಿಟಿಎಯಂಥ ವಸ್ತುಗಳನ್ನೂ ಕೆಲವರು ಸೂಚಿಸುತ್ತಾರೆ. ಇಲ್ಲೊಂದು ಬಲೆ ಇದೆ, ಹೆಚ್ಚಿನವರು ಇದಕ್ಕೆ ಬೀಳುತ್ತಾರೆ. ಸ್ಟೆರಾಯ್ಡ್ ಉಂಗುರವನ್ನು ಒಡೆಯುವ ದಾರಿಯಲ್ಲಿ ಒಂಬತ್ತನೆಯ ಇಂಗಾಲಕ್ಕೆ ಆಮ್ಲಜನಕ ಸೇರಿಸುವ ಕಿಣ್ವ ಕಬ್ಬಿಣವನ್ನು ಅವಲಂಬಿಸಿದೆ. ಕಬ್ಬಿಣ ಹಿಡಿಯುವ ವಸ್ತು ಹಾಕಿದರೆ ಆ ಕಿಣ್ವ ಮಂಕಾಗಿ ಉಂಗುರ ಉಳಿಯುತ್ತದೆ, ಉತ್ಪನ್ನ ಹೆಚ್ಚು ಜಮೆಯಾಗುತ್ತದೆ. ಸೂಕ್ತ ರೂಪಾಂತರಿ ತಳಿಗಳು ಬರುವ ಮುನ್ನ 1960ರ ದಶಕದಲ್ಲಿ ಡೈಪಿರಿಡಿಲ್‌ನಂಥ ವಸ್ತುಗಳನ್ನು ಬಳಸುತ್ತಿದ್ದದ್ದು ಇದೇ ಉಪಾಯಕ್ಕಾಗಿ. ಇಳುವರಿ ಏರಿತು ಎಂದ ಮಾತ್ರಕ್ಕೆ ಗೋಡೆ ಸಡಿಲವಾಯಿತು ಎಂದು ಬರೆದರೆ ಪರೀಕ್ಷಕರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮಾಯವಾದ ಸ್ಟೆರಾಲ್ ಎಷ್ಟು, ಹುಟ್ಟಿದ ಉತ್ಪನ್ನ ಎಷ್ಟು ಎಂದು ಎರಡನ್ನೂ ಅಳೆಯಿರಿ. ಸ್ಟೆರಾಲ್ ಖಾಲಿಯಾಗುವ ವೇಗ ಬದಲಾಗದೆ ಉತ್ಪನ್ನ ಮಾತ್ರ ಹೆಚ್ಚಿದರೆ ಅದು ಗೋಡೆಯ ಕಥೆಯಲ್ಲ.

ಸಾಬೂನಿನಂತೆ ಕೆಲಸ ಮಾಡುವ ಟ್ವೀನ್-80 ಮತ್ತು ಉಂಗುರದಾಕಾರದ ಸಕ್ಕರೆಗಳಾದ ಸೈಕ್ಲೋಡೆಕ್ಸ್ಟ್ರಿನ್‌ಗಳ ವಿಷಯದಲ್ಲೂ ಇಂಥದೇ ಗೊಂದಲವಿದೆ. ಇವು ಸ್ಟೆರಾಲನ್ನು ಕರಗಿಸಿಕೊಡುತ್ತವೆ, ಅಷ್ಟೇ ಎಂದು ಪುಸ್ತಕಗಳು ಹೇಳುತ್ತವೆ. ಟ್ವೀನ್ ಕೋಶಗಳ ಗಂಟುಗಳನ್ನು ಬಿಡಿಸುತ್ತದೆ. ಜೊತೆಗೆ ಅದು ಒಡೆದಾಗ ಬರುವ ಓಲಿಯಿಕ್ ಆಮ್ಲವನ್ನು ಕೋಶ ಆಹಾರವಾಗಿ ತಿನ್ನುತ್ತದೆ. ಸೈಕ್ಲೋಡೆಕ್ಸ್ಟ್ರಿನ್ ತನ್ನ ಕೊಬ್ಬುಪ್ರಿಯ ಗುಳಿಯಲ್ಲಿ ಸ್ಟೆರಾಲನ್ನು ಕೂರಿಸಿಕೊಂಡು ಕೋಶದ ಬಳಿಗೆ ಒಯ್ಯುತ್ತದೆ, ಉತ್ಪನ್ನವನ್ನು ಕೋಶದಿಂದ ದೂರ ಒಯ್ಯುತ್ತದೆ, ಗೋಡೆಯ ಹೊರಪದರದ ಕೊಬ್ಬನ್ನೂ ಒಂದಿಷ್ಟು ಕಿತ್ತುಕೊಳ್ಳುತ್ತದೆ. ಮೂರೂ ಕೆಲಸ ಒಂದೇ ಅಣುವಿನಿಂದ. ಹಾಗಾಗಿ ಅದು ಬಹಳ ಪರಿಣಾಮಕಾರಿ, ಆದರೆ ಯಾವ ಘಟ್ಟ ಅಡ್ಡಿಯಾಗಿತ್ತು ಎಂದು ಅದೊಂದರಿಂದಲೇ ಹೇಳಲಾಗದು. ಬೆಲೆಯೂ ಹೆಚ್ಚು, ಮರುಬಳಕೆಯ ಏರ್ಪಾಡು ಇಲ್ಲದಿದ್ದರೆ ದೊಡ್ಡ ಪ್ರಮಾಣದಲ್ಲಿ ಗಿಟ್ಟುವುದಿಲ್ಲ.

ಜೀನ್ ಮಟ್ಟದಲ್ಲಿ ಗೋಡೆ ತಿದ್ದುವ ದಾರಿ ಈಚೆಗೆ ಗಟ್ಟಿಯಾಗುತ್ತಿದೆ. ಮೈಕಾಲಿಕ್ ಆಮ್ಲದ ಸರಪಳಿಯನ್ನು ಉದ್ದ ಮಾಡುವ ಕ್ಯಾಸ್-ಬಿ ಕಿಣ್ವದ ಜೀನನ್ನು ನಿಯೋಆರಮ್‌ನಲ್ಲಿ ತೆಗೆದುಹಾಕಿದಾಗ ಪಾರಗಮ್ಯತೆಯೂ ಸ್ಟೆರಾಲ್ ಪರಿವರ್ತನೆಯೂ ಹೆಚ್ಚಿದವು ಎಂಬ ಕೆಲಸ ಪ್ರಕಟವಾಗಿದೆ. ಹೊರಪದರವೂ ಲೆಕ್ಕಕ್ಕೆ ಬರುತ್ತದೆ ಎಂದು ಇದರಿಂದ ತಿಳಿಯುತ್ತದೆ, ಪೆಪ್ಟಿಡೋಗ್ಲೈಕನ್ ಒಂದೇ ಅಪರಾಧಿಯಲ್ಲ. ಇದರ ಲಾಭ ಸ್ಥಿರತೆ: ಪ್ರತಿ ಬ್ಯಾಚಿಗೂ ಏನನ್ನೂ ಸುರಿಯಬೇಕಿಲ್ಲ. ಅಪಾಯವೂ ಇದೆ. ತೆಳುವಾದ ಗೋಡೆಯ ತಳಿ ಫರ್ಮೆಂಟರ್‌ನ ಕಲಕುವಿಕೆಗೆ, ಉತ್ಪನ್ನದ ವಿಷಕ್ಕೆ, ನೊರೆ ತಡೆಯುವ ವಸ್ತುಗಳಿಗೆ ಬೇಗ ಬಗ್ಗಬಹುದು. ಒಂದು ವರ್ಷದ ಗಡುವಿರುವ ನೀವು ಈಗ ಇದಕ್ಕೆ ಕೈಹಾಕುವುದು ಬೇಡ.

ಹಾಗಾದರೆ ನಿಮ್ಮ ಫ್ಲಾಸ್ಕಿನಲ್ಲಿ ಅಡ್ಡಿ ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಯಾವ ರಾಸಾಯನಿಕವನ್ನೂ ಕೊಳ್ಳದೆ ಒಂದು ವಾರದಲ್ಲಿ ಮಾಡಬಹುದಾದ ಪ್ರಯೋಗಗಳಿವೆ. ಕೋಶಗಳ ಪ್ರಮಾಣವನ್ನು ಎರಡು ಪಟ್ಟು ಮಾಡಿ, ಉಳಿದದ್ದೆಲ್ಲ ಹಾಗೇ ಇರಲಿ. ಪರಿವರ್ತನೆಯ ವೇಗವೂ ಸುಮಾರಾಗಿ ಎರಡು ಪಟ್ಟಾದರೆ ಅಡ್ಡಿ ಕೋಶದಲ್ಲಿದೆ, ಗೋಡೆಯಲ್ಲೋ ಒಳಗೋ. ವೇಗ ಬದಲಾಗದಿದ್ದರೆ ಅಡ್ಡಿ ಹೊರಗಿದೆ: ಹರಳು ಕರಗುವುದರಲ್ಲಿ ಅಥವಾ ಆಮ್ಲಜನಕದಲ್ಲಿ. ಆಗ ಸ್ಟೆರಾಲನ್ನು ಇನ್ನೂ ನುಣ್ಣಗೆ ಅರೆದು ಒಂದು ಫ್ಲಾಸ್ಕ್ ಇಡಿ. ಇನ್ನೊಂದರಲ್ಲಿ ದ್ರವದ ಪ್ರಮಾಣವನ್ನು ಅರ್ಧಕ್ಕಿಳಿಸಿ, ಗಾಳಿ ಹೆಚ್ಚು ಸಿಗಲಿ. ಬಾಲ ಕತ್ತರಿಸುವ ದಾರಿಗೆ ಆಮ್ಲಜನಕದ ಹಸಿವು ದೊಡ್ಡದು, ತುಂಬಿದ ಫ್ಲಾಸ್ಕಿನಲ್ಲಿ ಉಸಿರುಗಟ್ಟಿದ ಕೋಶಗಳನ್ನು ಗೋಡೆಯ ದೋಷವೆಂದು ಬಗೆದವರನ್ನು ನಾನು ಕಂಡಿದ್ದೇನೆ.

ಮಾದರಿ ತೆಗೆಯುವ ಕ್ರಮದ ಬಗ್ಗೆಯೂ ಒಂದು ಮಾತು. ಹರಳುಗಳು ಗಾಜಿನ ಗೋಡೆಗೆ, ಮೇಲಿನ ನೊರೆಯ ಉಂಗುರಕ್ಕೆ ಅಂಟಿಕೊಳ್ಳುತ್ತವೆ. ಪಿಪೆಟ್‌ನಲ್ಲಿ ಒಂದು ಮಿಲಿಲೀಟರ್ ತೆಗೆದರೆ ಸರಿಯಾದ ಪ್ರಮಾಣ ಬರುವುದೇ ಇಲ್ಲ. ಪ್ರತಿ ಅಳತೆಗೂ ಒಂದು ಇಡೀ ಫ್ಲಾಸ್ಕನ್ನೇ ಬಲಿಕೊಟ್ಟು, ಈಥೈಲ್ ಅಸಿಟೇಟ್‌ನಿಂದ ಒಳಮೈ ತೊಳೆದು ತೆಗೆಯಿರಿ. ನಿಮ್ಮ ಎರಡು ಬ್ಯಾಚ್‌ಗಳ ವ್ಯತ್ಯಾಸದ ಒಂದು ಪಾಲು ಇಲ್ಲೇ ಅಡಗಿರಬಹುದು.

ಅಡ್ಡಿ ಕೋಶದಲ್ಲೇ ಎಂದು ಗೊತ್ತಾದ ಮೇಲೆ ಗೋಡೆ ಮತ್ತು ಕಿಣ್ವಗಳ ನಡುವೆ ತೀರ್ಮಾನ ಮಾಡಬೇಕು. ಬಾಲವಿಲ್ಲದ, ನೀರಿನಲ್ಲಿ ಸ್ಟೆರಾಲ್‌ಗಿಂತ ಎಷ್ಟೋ ಮೇಲಾಗಿ ಕರಗುವ ಟೆಸ್ಟೋಸ್ಟೆರೋನನ್ನು ಸ್ವಲ್ಪ ಕೊಟ್ಟು, ಅದು ಆಂಡ್ರೊಸ್ಟೀನ್‌ಡಯೋನ್ ಆಗುವ ವೇಗ ನೋಡಿ. ಗ್ಲೈಸಿನ್ ಕೊಟ್ಟ ಮತ್ತು ಕೊಡದ ಕೋಶಗಳೆರಡರಲ್ಲೂ ನೋಡಿ. ಎರಡರಲ್ಲೂ ವೇಗ ಒಂದೇ ಇದ್ದು ಸ್ಟೆರಾಲ್‌ನಲ್ಲಿ ಮಾತ್ರ ಗ್ಲೈಸಿನ್‌ನಿಂದ ಲಾಭ ಕಂಡರೆ, ಸಡಿಲಗೊಂಡ ಗೋಡೆ ದೊಡ್ಡ ಅಣುವಿಗೆ ದಾರಿ ಕೊಟ್ಟಿದೆ ಎಂಬ ವಾದಕ್ಕೆ ಬಲ ಬರುತ್ತದೆ. ಎಥಿಡಿಯಂ ಬ್ರೋಮೈಡ್‌ನಂಥ ಬಣ್ಣ ಒಳಸೇರುವ ವೇಗವನ್ನೂ ಅಳೆಯಬಹುದು, ಕೈಗವಸು ಹಾಕಿಕೊಂಡು. ಆದರೆ ಅದು ವಿದ್ಯುದಾವೇಶ ಹೊತ್ತ, ನೀರಿಗೆ ಒಲಿದ ಅಣು. ಅದರ ದಾರಿಯೇ ಸ್ಟೆರಾಲ್‌ನ ದಾರಿ ಎಂದುಕೊಳ್ಳಬೇಡಿ. ಇನ್ನೊಂದು ಎಚ್ಚರಿಕೆ: ಸ್ಟೆರಾಲ್‌ನ ಮೊದಲ ಉತ್ಕರ್ಷಣವನ್ನು ಮಾಡುವ ಕೊಲೆಸ್ಟೆರಾಲ್ ಆಕ್ಸಿಡೇಸ್ ಕೋಶದ ಮೇಲ್ಮೈಯಲ್ಲೂ ಹೊರಗೂ ಸಿಗುತ್ತದೆ. ಮಾದರಿಯಲ್ಲಿ ಆ ಉತ್ಕರ್ಷಣದಿಂದ ಹುಟ್ಟುವ ಸ್ಟೆನೋನ್ ಕಂಡಿತೆಂದರೆ ಸ್ಟೆರಾಲ್ ಒಳಗೆ ಹೋಯಿತು ಎಂದರ್ಥವಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲ ತಿಂಗಳು ಹರಳಿನ ಗಾತ್ರ, ಗಾಳಿ ಮತ್ತು ಮಾದರಿಯ ಕ್ರಮವನ್ನು ಸರಿಮಾಡಿಕೊಳ್ಳುತ್ತಿದ್ದೆ. ಅದರಲ್ಲೇ ಇಳುವರಿ ಗಣನೀಯವಾಗಿ ಏರಿದರೆ ಆಶ್ಚರ್ಯಪಡುವುದಿಲ್ಲ. ಆಮೇಲೆ ಗ್ಲೈಸಿನ್‌ಗೆ ಮರಳಿ, ಬೆಳವಣಿಗೆ ಭರದಲ್ಲಿರುವಾಗ, ಕಡಿಮೆ ಪ್ರಮಾಣದಿಂದ ಶುರುಮಾಡಿ, ಪ್ರತಿ ಹಂತದಲ್ಲೂ ಜೀವಂತ ಕೋಶ ಮತ್ತು ಸೋರಿದ ಪ್ರೋಟೀನ್ ಎರಡನ್ನೂ ಅಳೆಯುತ್ತಾ ಹೋಗುತ್ತಿದ್ದೆ. ವ್ಯಾಂಕೋಮೈಸಿನನ್ನು ಕಾರಣ ಹುಡುಕುವ ಒಂದೆರಡು ಸಣ್ಣ ಫ್ಲಾಸ್ಕ್‌ಗಳಿಗೆ ಸೀಮಿತಗೊಳಿಸಿ, ಬಳಸಿದ ಮಾಧ್ಯಮವನ್ನು ಆಟೋಕ್ಲೇವ್ ಮಾಡಿದ ಮೇಲೂ ತೊಟ್ಟಿಗೆ ಸುರಿಯದೆ ರಾಸಾಯನಿಕ ತ್ಯಾಜ್ಯದ ಡಬ್ಬಿಗೆ ಹಾಕಿ. ಇಳುವರಿ ಏರಿದ ಆ ಮೊದಲ ಬ್ಯಾಚಿನ ನೋಟ್‌ಬುಕ್ ತೆಗೆದು ಬಿತ್ತನೆ ಎಷ್ಟು ಗಂಟೆಯದಿತ್ತು, ಗ್ಲೈಸಿನ್ ಎಷ್ಟು ಹೊತ್ತಿಗೆ ಬಿತ್ತು ಎಂದು ಇಂದೇ ನೋಡಿ. ಬರೆದಿಲ್ಲವಾದರೆ, ನೆನಪು ಹಸಿಯಾಗಿರುವಾಗಲೇ ಬರೆದಿಡಿ.